ಶಾಲೆಯ ಮೂಲೆಯಲ್ಲೊಂದು ಕಿರುಕಾಡು: ನೆಡುವುದು ಒಂದು ದಿನ, ರಜೆ ದಾಟಿಸುವುದು ಮೂರು ವರ್ಷ

ಗಿಡ ನೆಡುವ ದಿನ ಯಾವ ಶಾಲೆಯಲ್ಲಾದರೂ ಚೆನ್ನಾಗಿಯೇ ಇರುತ್ತದೆ. ಮಕ್ಕಳ ಕೈಗೆಲ್ಲ ಮಣ್ಣು, ಮೇಷ್ಟ್ರುಗಳ ಮುಖದಲ್ಲೂ ನಗು, ಒಂದಿಷ್ಟು ಫೋಟೋ. ಮೊದಲ ಸಲ ನಾವೂ ಹಾಗೇ ಮಾಡಿದ್ದೆವು. ಆಮೇಲೆ ದೊಡ್ಡ ರಜೆ ಬಂತು, ಗೇಟಿಗೆ ಬೀಗ ಬಿತ್ತು, ನಲ್ಲಿಯ ಬೀಗದ ಕೈ ಯಾರದೋ ಜೇಬಿನಲ್ಲಿ ಊರಿಗೆ ಹೋಯಿತು. ರಜೆ ಮುಗಿಸಿ ಬಂದು ನೋಡಿದರೆ ಅರ್ಧಕ್ಕರ್ಧ ಗಿಡ ಬರೀ ಕಡ್ಡಿ. ನಾನು ಸುಮ್ನೆ ನಿಂತಿದ್ದೆ. ಎರಡನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಕುಕ್ಕರುಗಾಲಲ್ಲಿ ಕೂತು, ತನ್ನ ಗಿಡದ ಕಾಂಡವನ್ನು ಉಗುರಿನಿಂದ ಸ್ವಲ್ಪವೇ ಕೆರೆದು, "ಮಿಸ್, ಒಳಗೆ ಇನ್ನೂ ಹಸಿರಿದೆ" ಅಂದ. ಹೌದು, ತೊಗಟೆಯ ಕೆಳಗೆ ನೂಲಿನಷ್ಟು ಹಸಿರಿತ್ತು. ಆ ಗಿಡ ಚಿಗುರಿತು. ಪಕ್ಕದ ಹತ್ತು ಚಿಗುರಲಿಲ್ಲ.

ಆವತ್ತಿನಿಂದ ನನ್ನ ಲೆಕ್ಕಾಚಾರ ತಲೆಕೆಳಗು. ಜಾಗ, ಗಿಡ, ಮಣ್ಣು ಎಲ್ಲ ಆಮೇಲೆ. ಮೊದಲು ಶಾಲೆಯ ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡು ಕೂರುವುದು.

ಮೊದಲು ಕ್ಯಾಲೆಂಡರ್, ಆಮೇಲೆ ಗುದ್ದಲಿ

ತೋಟದಲ್ಲಿ, ಹೊಲದಲ್ಲಿ, ಮನೆ ಹಿತ್ತಲಿನಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಶಾಲೆ ಹಾಗಲ್ಲ. ಎಷ್ಟೋ ಕಡೆ ಬಿಸಿಲು ಜಾಸ್ತಿಯಾಗಿ ಗಿಡಕ್ಕೆ ನೀರು ಬೇಕೇ ಬೇಕು ಅನ್ನುವ ಹೊತ್ತಿಗೇ ಶಾಲೆ ವಾರಗಟ್ಟಲೆ ಖಾಲಿಯಾಗುತ್ತದೆ. ಹಾಗಾಗಿ ಮುಂದಿನ ಎರಡು ಮೂರು ವರ್ಷದ ರಜೆಗಳನ್ನು ಗುರುತು ಮಾಡಿ, ಒಂದೊಂದು ವಾರಕ್ಕೆ ಒಬ್ಬೊಬ್ಬರ ಹೆಸರು ಬರೆಯಿರಿ. ನೆನಪಿರಲಿ, ಹೆಸರು ಬರೆಯಬೇಕು. "ಎಲ್ಲರೂ ಸೇರಿ ನೋಡ್ಕೋತೀವಿ" ಅಂದರೆ ಯಾರೂ ನೋಡ್ಕೊಳ್ಳಲ್ಲ ಅಂತಲೇ ಅರ್ಥ. ಶಾಲೆಯ ಹತ್ತಿರವೇ ಮನೆ ಇರುವ ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿ, ಕಾವಲುಗಾರ, ಹಳೇ ವಿದ್ಯಾರ್ಥಿಗಳು, ಯಾರಾದರೂ ಸರಿ. ಕಾವಲುಗಾರರಿಗೇ ಪೂರ್ತಿ ಹೊರಿಸುವುದಾದರೆ ಅದಕ್ಕೆ ತಕ್ಕ ದುಡ್ಡು ಕೊಡಿ. ಪುಕ್ಕಟೆ ಕೆಲಸ ಎರಡನೇ ವಾರಕ್ಕೆ ನಿಂತು ಹೋಗುತ್ತದೆ, ಅದು ಅವರ ತಪ್ಪಲ್ಲ.

ನೀರಿನ ಲೆಕ್ಕವನ್ನೂ ಆಗಲೇ ಹಾಕಿ. ಒಣ ದಿನಗಳಲ್ಲಿ ಒಂದು ಚದರ ಮೀಟರಿಗೆ ಸುಮಾರು 5 ಲೀಟರ್ ಅಂತ ಇಟ್ಟುಕೊಂಡರೆ, 100 ಚದರ ಮೀಟರ್ ಕಾಡಿಗೆ ಒಂದು ಸಲಕ್ಕೆ 500 ಲೀಟರ್ ಆಯಿತು. ಹದಿನೈದು ಲೀಟರಿನ ಬಕೆಟ್ ಆದರೆ ಮೂವತ್ನಾಲ್ಕು ಸಲ ಹೊರಬೇಕು. ಬಕೆಟ್ಟಿನಲ್ಲಿ ಆಗುವ ಮಾತಲ್ಲ. ಉದ್ದದ ಪೈಪು ಬೇಕು, ಆ ಪೈಪು ಕೊನೇ ಗಿಡದವರೆಗೂ ಎಟುಕುತ್ತದಾ ಅಂತ ನೆಡುವ ಮೊದಲೇ ಹಿಡಿದು ನೋಡಬೇಕು. ತಾರಸಿಯ ಮಳೆನೀರು ತುಂಬುವ ತೊಟ್ಟಿ ಇದ್ದರೆ ಇನ್ನೂ ಒಳ್ಳೆಯದು. ಇಷ್ಟು ನೀರು ನಿಮ್ಮಲ್ಲಿ ಇಲ್ಲವೇ ಇಲ್ಲ ಅಂದರೆ ಕಾಡನ್ನು ಚಿಕ್ಕದು ಮಾಡಿ. ಮೂವತ್ತು ಚದರ ಮೀಟರ್ ಕಾಡು ಬದುಕಿದರೆ, ಮುನ್ನೂರು ಚದರ ಮೀಟರಿನ ಒಣಕಡ್ಡಿಗಿಂತ ವಾಸಿ ಅಲ್ವಾ?

ಈ ಪದ್ಧತಿ ಎಲ್ಲಿಂದ ಬಂತು

ಸಣ್ಣ ಜಾಗದಲ್ಲಿ ದಟ್ಟವಾಗಿ ಸ್ಥಳೀಯ ಗಿಡ ನೆಡುವ ಈ ದಾರಿಗೆ ಮಿಯಾವಾಕಿ ಪದ್ಧತಿ ಅನ್ನುತ್ತಾರೆ. ಅಕಿರಾ ಮಿಯಾವಾಕಿ (1928–2021) ಜಪಾನಿನ ಸಸ್ಯಶಾಸ್ತ್ರಜ್ಞ. ಜರ್ಮನಿಯಲ್ಲಿ ರೈನ್‌ಹೋಲ್ಡ್ ಟ್ಯೂಕ್ಸನ್ ಅನ್ನುವ ಸಸ್ಯಶಾಸ್ತ್ರಜ್ಞರ ಹತ್ತಿರ ಕಲಿತ ಒಂದು ಪ್ರಶ್ನೆಯನ್ನು ಅವರು ತಲೆಯಲ್ಲಿ ಹೊತ್ತು ಊರಿಗೆ ಬಂದರು. ಮನುಷ್ಯ ಕೈಯಾಡಿಸದೆ ಬಿಟ್ಟರೆ ಈ ನೆಲದಲ್ಲಿ ತಾನಾಗಿಯೇ ಯಾವ ಕಾಡು ಬೆಳೆದೀತು ಅನ್ನುವುದೇ ಆ ಪ್ರಶ್ನೆ. ಜಪಾನಿನ ದೇಗುಲಗಳ ಸುತ್ತ ಯಾರೂ ಕಡಿಯದೆ ಉಳಿದ 'ಚಿಂಜು ನೊ ಮೊರಿ' ಅನ್ನುವ ದೇವರ ಬನಗಳಲ್ಲಿ ಅವರಿಗೆ ಉತ್ತರ ಸಿಕ್ಕಿತು. 1970ರ ದಶಕದ ಶುರುವಿನಲ್ಲಿ ಜಪಾನಿನದೇ ಓಯಿತಾ ಊರಿನ ಉಕ್ಕಿನ ಕಾರ್ಖಾನೆಯ ಸುತ್ತ ಇದನ್ನು ದೊಡ್ಡದಾಗಿ ಮಾಡಿದರು. 2006ರಲ್ಲಿ ಅವರಿಗೆ ಬ್ಲೂ ಪ್ಲಾನೆಟ್ ಪ್ರಶಸ್ತಿ ಬಂತು.

ಮಕ್ಕಳ ಕಾಡು ಅನ್ನುವ ರೂಪಕ್ಕೆ ಹೆಸರು ತಂದಿದ್ದು ನೆದರ್ಲೆಂಡ್ಸ್. 2015ರಲ್ಲಿ ಝಾಂಡಾಮ್ ಅನ್ನುವ ಊರಿನಲ್ಲಿ ಐವಿಎನ್ ಅನ್ನುವ ಪ್ರಕೃತಿ ಶಿಕ್ಷಣ ಸಂಸ್ಥೆ ಮೊದಲ 'ಟೈನಿ ಫಾರೆಸ್ಟ್' ನೆಟ್ಟಿತು. ಅಲ್ಲಿನ ಅಳತೆ ಸುಮಾರು ಒಂದು ಟೆನಿಸ್ ಅಂಕಣದಷ್ಟು ಜಾಗ, 600 ಗಿಡ, ಜೊತೆಗೆ ಮಕ್ಕಳಿಗೊಂದು ಬಯಲು ತರಗತಿ. ಅವರಿಗೆ ದಾರಿ ತೋರಿಸಿದವರು ಭಾರತದ ಶುಭೇಂದು ಶರ್ಮಾ. ಕಾರು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು, ಅಲ್ಲಿಗೇ ಕಾಡು ಬೆಳೆಸಲು ಬಂದ ಮಿಯಾವಾಕಿಯವರನ್ನು ನೋಡಿ ಕೆಲಸ ಬಿಟ್ಟು 2011ರಲ್ಲಿ ಅಫಾರೆಸ್ಟ್ ಅನ್ನುವ ಕಂಪನಿ ಶುರು ಮಾಡಿದರು. 2020ರಲ್ಲಿ ಇಂಗ್ಲೆಂಡಿನ ವಿಟ್ನಿ ಊರಿನಲ್ಲೂ ಇಂಥದ್ದೇ ಕಾಡು ಬಂತು.

"ಹತ್ತು ಪಟ್ಟು ವೇಗ, ಮೂವತ್ತು ಪಟ್ಟು ದಟ್ಟ" ಅನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದನ್ನು ಪೋಸ್ಟರಿನ ಮೇಲೆ ಬರೆದು ಅಂಟಿಸಬೇಡಿ. ನೆಲ, ಮಳೆ, ಗಿಡ ನೋಡಿಕೊಂಡು ಅದು ಬದಲಾಗುತ್ತದೆ. ಮಕ್ಕಳೇ ದಾರ ಹಿಡಿದು ಅಳೆಯಲಿ, ಎಷ್ಟು ಬರುತ್ತದೋ ಅಷ್ಟು. ಇನ್ನೊಂದು ವಿಷಯವನ್ನು ಜನ ಹೇಳುವುದೇ ಕಡಿಮೆ. ನಿಮ್ಮ ನೆಲ ಮೂಲದಲ್ಲಿ ಹುಲ್ಲುಗಾವಲಾಗಿದ್ದರೆ ಅಲ್ಲಿ ದಟ್ಟ ಕಾಡು ನೆಡುವುದು ಸರಿಯಲ್ಲ. ಹುಲ್ಲುಗಾವಲು ಅಂದರೆ ಹಾಳುಬಿದ್ದ ಕಾಡಲ್ಲ, ಅದಕ್ಕೆ ಅದರದೇ ಹಕ್ಕಿ, ಹುಳ, ಹೂವು ಇರುತ್ತವೆ. ಅಂಥ ಕಡೆ ಸ್ಥಳೀಯ ಹುಲ್ಲು, ಪೊದೆ, ಅಲ್ಲೊಂದು ಇಲ್ಲೊಂದು ಮರ ಅಂತ ಮಾಡಿ. ಮಕ್ಕಳಿಗೆ ಅದರಲ್ಲೂ ಏನೂ ಕಮ್ಮಿಯಾಗಲ್ಲ.

ಜಾಗ

ಅಗಲ ಮೂರು ನಾಲ್ಕು ಮೀಟರಾದರೂ ಇರಲಿ. ಅದಕ್ಕಿಂತ ಕಿರಿದಾದರೆ ಒಳಗೆ ನೆರಳು, ತಂಪು ನಿಲ್ಲುವುದಿಲ್ಲ, ಅದು ಕಾಡಾಗದೆ ಬೇಲಿಯಾಗುತ್ತದೆ. ಬಿಸಿಲು ಚೆನ್ನಾಗಿ ಬೀಳಬೇಕು. ಮೇಲೆ ಕರೆಂಟಿನ ತಂತಿ, ಕೆಳಗೆ ನೀರಿನ ಪೈಪು, ಶೌಚದ ಗುಂಡಿ ಇವೆಲ್ಲ ಎಲ್ಲಿವೆ ಅಂತ ಅಗೆಯುವ ಮೊದಲೇ ಕೇಳಿ. ಅಗೆದ ಮೇಲೆ ಗೊತ್ತಾಗುವುದು ಬೇರೆ ಥರ ಇರುತ್ತದೆ. ಕಟ್ಟಡದಿಂದ, ಕಾಂಪೌಂಡಿನಿಂದ ದೂರ ಬಿಡಿ, ದೊಡ್ಡ ಮರವಾಗುವ ಗಿಡಗಳು ಮಧ್ಯಕ್ಕೆ, ಪೊದೆಗಳು ಅಂಚಿಗೆ. ಆಲದ ಜಾತಿಯ ಮರ ಇದ್ದರೆ ಗೋಡೆಯಿಂದ ಇನ್ನೂ ದೂರ, ಅದರ ಬೇರಿಗೆ ಬಿರುಕು ಅಂದರೆ ಪ್ರೀತಿ.

ಆಟದ ಮೈದಾನವನ್ನು ಕಿತ್ತುಕೊಳ್ಳಬೇಡಿ. ಕಾಡಿನಿಂದಾಗಿ ತಮ್ಮ ಆಟ ಹೋಯಿತು ಅಂತ ಮಕ್ಕಳಿಗೆ ಅನ್ನಿಸಿದರೆ ಆ ಕಾಡನ್ನು ಅವರು ಪ್ರೀತಿಸುತ್ತಾರಾ? ಮೈದಾನದ ಪಕ್ಕದಲ್ಲೇ ಇದ್ದರೆ ಮೊದಲ ಎರಡು ವರ್ಷ ಒಂದು ಬಲೆ ಕಟ್ಟಿ, ಚೆಂಡು ಬರುತ್ತದೆ, ಚೆಂಡಿನ ಹಿಂದೆ ಕಾಲು ಬರುತ್ತದೆ. ನನ್ನ ಆಸೆ ಕೇಳಿದರೆ, ಯಾವುದಾದರೂ ಒಂದು ತರಗತಿಯ ಕಿಟಕಿಯಿಂದ ಕಾಣುವ ಜಾಗ ಆರಿಸಿ. ಹಿಂದುಗಡೆ ಮೂಲೆಯ ಕಾಡನ್ನು ಜನ ಮರೆಯುತ್ತಾರೆ. ಕಿಟಕಿಯಾಚೆಯ ಗಿಡ ಬಾಡಿದರೆ, ಪಾಠ ಕೇಳದ ಹುಡುಗನೇ ಮೊದಲು ನೋಡಿ ಹೇಳುತ್ತಾನೆ.

ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹೆಡ್‌ಮೇಷ್ಟ್ರು ಬದಲಾಗುತ್ತಾರೆ, ಸಮಿತಿ ಬದಲಾಗುತ್ತದೆ, ಐದು ವರ್ಷದ ಮೇಲೆ ಯಾರೋ ಬಂದು "ಇಲ್ಲಿ ಪಾರ್ಕಿಂಗ್ ಮಾಡಬಹುದಿತ್ತಲ್ಲ" ಅನ್ನುತ್ತಾರೆ. ಆಗ ನೀವು ಅಲ್ಲಿ ಇರುವುದಿಲ್ಲ, ಕಾಗದ ಇರುತ್ತದೆ.

ಕಾಡಿನೊಳಗೆ ಒಂದು ದಾರಿ, ದಾರಿಯ ಕೊನೆಗೆ ಒಂದು ತರಗತಿ ಕೂರುವಷ್ಟು ದುಂಡನೆಯ ಖಾಲಿ ಜಾಗ ಬಿಡಲೇಬೇಕು. ದಾರಿ ಬಾಗಿಕೊಂಡು ಹೋಗಲಿ, ಹೊರಗೆ ನಿಂತವರಿಗೆ ಒಳಗಿನದು ಕಾಣಬಾರದು. ಆರು ವರ್ಷದ ಮಗುವಿಗೆ ಐದು ಹೆಜ್ಜೆ ಇಟ್ಟು ತಿರುಗಿದಾಗ ಶಾಲೆ ಮರೆಯಾದರೆ ಅದು ದೊಡ್ಡ ಕಾಡೇ. ಗಾಲಿಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲ ಇರಲಿ, 1.2 ಮೀಟರ್ ಸಾಕು. ಕೂರಲು ಬೆಂಚು ಬೇಡ, ಮರದ ದಿಮ್ಮಿ ಅಥವಾ ಚಪ್ಪಟೆ ಕಲ್ಲು ಇಡಿ.

ಯಾವ ಗಿಡ?

ನಿಜವಾದ ಕೆಲಸ ಇರುವುದು ಇಲ್ಲಿ, ಜನ ಅವಸರ ಮಾಡುವುದೂ ಇಲ್ಲೇ. ನರ್ಸರಿಗೆ ಹೋಗಿ "ಮುನ್ನೂರು ಗಿಡ ಕೊಡಿ" ಅಂದರೆ ಅವರಲ್ಲಿ ಏನಿದೆಯೋ ಅದನ್ನು ಕೊಡುತ್ತಾರೆ. ತುಂಬಾ ದಿನದಿಂದ ನೋಡಿದ ಮರವೆಲ್ಲ ನಮ್ಮದೇ ಅಂತ ನಮಗೆ ಅನ್ನಿಸಿರುತ್ತದೆ, ಅದೂ ಮೋಸವೇ. ಕೆಂಪು ಹೂವಿನ ಗುಲ್‌ಮೊಹರ್ ಮಡಗಾಸ್ಕರದ್ದು. ನೇರಳೆ ಹೂವಿನ ಜಕರಂಡ ದಕ್ಷಿಣ ಅಮೆರಿಕದ್ದು. ನೀಲಗಿರಿ ಆಸ್ಟ್ರೇಲಿಯಾದಲ್ಲಿ ಮನೆಮಗ, ಬೇರೆ ಕಡೆ ಬರೀ ನೆಂಟ. ಲಂಟಾನ ಅಂತೂ ಅಮೆರಿಕ ಖಂಡದಿಂದ ಅಲಂಕಾರದ ಗಿಡವಾಗಿ ಹೊರಟು ಈಗ ಎಷ್ಟೋ ದೇಶಗಳ ಕಾಡನ್ನೇ ನುಂಗುತ್ತಿದೆ. ಚೆಂದ ಇದೆ, ಬೇಗ ಬೆಳೆಯುತ್ತದೆ ಅನ್ನುವುದು ಇಲ್ಲಿ ಅರ್ಹತೆಯೇ ಅಲ್ಲ.

ಹಾಗಾದರೆ ಪಟ್ಟಿ ಮಾಡುವುದು ಹೇಗೆ? ಹತ್ತಿರದಲ್ಲಿ ಎಲ್ಲಾದರೂ ಹಳೇ ಕಾಡಿನ ತುಣುಕು ಉಳಿದಿದೆಯಾ ನೋಡಿ: ದೇವಸ್ಥಾನ, ಚರ್ಚು, ಸ್ಮಶಾನದ ಸುತ್ತ, ಹಳ್ಳದ ದಡ, ಉಳಲಾಗದ ಕಲ್ಲುಗುಡ್ಡ. ಇಥಿಯೋಪಿಯಾದ ಉತ್ತರ ಭಾಗದಲ್ಲಿ ಸ್ಥಳೀಯ ಕಾಡು ಹೆಚ್ಚಾಗಿ ಉಳಿದಿರುವುದೇ ಚರ್ಚುಗಳ ಸುತ್ತ. ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಒಂದು ದಿನ ಹೋಗಿ, ಎಲೆ ನೋಡಿ, ಚಿತ್ರ ಬರೆಯಿರಿ, ಬಿದ್ದ ಬೀಜ ಒಂದೆರಡು ಹೆಕ್ಕಿ. ಹಳಬರನ್ನು ಕೇಳಿ. ನಾವು ಮಕ್ಕಳಿಗೆ ಮನೆಗೆಲಸ ಅಂತ ಕೊಟ್ಟಿದ್ದು ಒಂದೇ ಪ್ರಶ್ನೆ: "ಅಜ್ಜಿ, ನೀನು ಚಿಕ್ಕವಳಿದ್ದಾಗ ಯಾವ ಮರ ಹತ್ತುತ್ತಿದ್ದೆ?" ಯಾವ ಪುಸ್ತಕಕ್ಕಿಂತ ಒಳ್ಳೆಯ ಪಟ್ಟಿ ಸಿಕ್ಕಿತು. ಅದರಲ್ಲಿ ಒಂದು ಹೆಸರು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಆ ಪಟ್ಟಿಯನ್ನು ಗಿಡ ಬಲ್ಲವರೊಬ್ಬರಿಗೆ, ಅಂದರೆ ಸಸ್ಯಶಾಸ್ತ್ರ ಕಲಿಸುವವರಿಗೋ ಅರಣ್ಯ ಇಲಾಖೆಯ ನರ್ಸರಿಯವರಿಗೋ ತೋರಿಸಿ ಸರಿ ಮಾಡಿಸಿಕೊಳ್ಳಿ. ಅಜ್ಜಿಯರು ಹತ್ತಿದ ಮರವೆಲ್ಲ ಸ್ಥಳೀಯವೇ ಆಗಿರಬೇಕು ಅಂತೇನಿಲ್ಲ.

ಇಪ್ಪತ್ತು ಮೂವತ್ತು ಬಗೆ ಇದ್ದರೆ ಚೆನ್ನ. ಕಾಡಿಗೆ ಮಹಡಿಗಳಿರುತ್ತವೆ: ಎಲ್ಲಕ್ಕಿಂತ ಎತ್ತರದ ಮರಗಳು, ಅದರ ಕೆಳಗೆ ಸಾಮಾನ್ಯ ಮರಗಳು, ಆಮೇಲೆ ಗಿಡ್ಡ ಮರಗಳು, ಕೊನೆಗೆ ಪೊದೆ. ಚದರ ಮೀಟರಿಗೆ ಮೂರು ಗಿಡದ ಲೆಕ್ಕದಲ್ಲಿ ನೂರು ಚದರ ಮೀಟರಿಗೆ 300 ಗಿಡ ಬೇಕು. ದಾರಿ, ಕೂರುವ ಜಾಗವನ್ನು ಕಳೆದು ಲೆಕ್ಕ ಹಾಕಿ, ಇಲ್ಲದಿದ್ದರೆ ಗಿಡ ಮಿಗುತ್ತವೆ. ಮುನ್ನೂರರಲ್ಲಿ ಎತ್ತರದವು 50, ಸಾಮಾನ್ಯ ಮರ 135, ಗಿಡ್ಡ ಮರ 80, ಪೊದೆ 35 ಅಂದರೆ ಒಂದು ಹದ. ನಾನಾದರೆ ಶಾಲೆಗೆ ಪೊದೆಯನ್ನು ಇನ್ನೂ ಸ್ವಲ್ಪ ಜಾಸ್ತಿ ಮಾಡುತ್ತೇನೆ. ಮಕ್ಕಳ ಕಣ್ಣಿನ ಎತ್ತರಕ್ಕೆ ಇರುವುದು ಪೊದೆಯೇ, ಚಿಟ್ಟೆ ಬಂದು ಕೂರುವುದೂ ಅಲ್ಲೇ, ಹಕ್ಕಿ ಗೂಡು ಕಟ್ಟಿದರೆ ಅವರಿಗೆ ಕಾಣುವುದೂ ಅಲ್ಲೇ.

ವಿಷದ ಗಿಡಗಳನ್ನು ಬೇರ್ಪಡಿಸಿ. ಕಣಗಿಲೆ, ಉಮ್ಮತ್ತಿ, ಹರಳು, ಗುಲಗಂಜಿ ಇವು ಸ್ಥಳೀಯವಾದರೂ ಶಾಲೆಯಲ್ಲಿ ಬೇಡ. ಗುಲಗಂಜಿಯ ಕೆಂಪು ಕಪ್ಪು ಬೀಜ ಕಂಡರೆ ಯಾವ ಮಗುವಾದರೂ ಕೈ ಹಾಕುತ್ತದೆ, ಜಗಿದರೆ ಜೀವಕ್ಕೇ ಅಪಾಯ. ಮೈ ತುರಿಸುವ ನಸುಗುನ್ನಿಯೂ ಬೇಡ. ಮುಳ್ಳಿನ ಗಿಡ ಒಂದೆರಡು ಇರಲಿ, ಆದರೆ ದಾರಿಯಿಂದ ದೂರ. ಹಕ್ಕಿಗಳಿಗೆ ಮುಳ್ಳೇ ಕಾವಲು.

ಮಣ್ಣು

ಶಾಲೆಯ ಮಣ್ಣು ಸಾಮಾನ್ಯವಾಗಿ ತುಳಿದು ತುಳಿದು ಕಲ್ಲಾಗಿರುತ್ತದೆ, ಕೆಳಗೆ ಕಟ್ಟಡ ಕಟ್ಟಿದಾಗ ಸುರಿದ ಇಟ್ಟಿಗೆ ಚೂರು, ಸಿಮೆಂಟು ಇರುತ್ತದೆ. ಹಳೇ ಗೋಡೆಯ ಬಣ್ಣ ಉದುರಿದ ಜಾಗವಾದರೆ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಇಲ್ಲವೇ ಆ ಜಾಗ ಬಿಡಿ.

ಉಳಿದ ಪರೀಕ್ಷೆಯನ್ನೆಲ್ಲ ಮಕ್ಕಳೇ ಮಾಡಬಹುದು. ಗಾಜಿನ ಬಾಟಲಿಗೆ ಅರ್ಧ ಮಣ್ಣು, ಉಳಿದರ್ಧ ನೀರು ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯ ಮೇಲಿಡಿ. ಮರಳು ಒಂದೆರಡು ನಿಮಿಷದಲ್ಲೇ ಕೆಳಗೆ ಕೂರುತ್ತದೆ. ಅದರ ಮೇಲೆ ನುಣುಪು ಮಣ್ಣು ಕೂರಲು ಕೆಲವು ಗಂಟೆ ಬೇಕು. ಜೇಡಿ ತಿಳಿಯಾಗಲು ಮಾರನೆಯ ದಿನವೋ ಅದರ ಮಾರನೆಯ ದಿನವೋ. ಯಾವ ಪದರ ದಪ್ಪ ಇದೆ ಅಂತ ಅಳತೆಪಟ್ಟಿ ಹಿಡಿದರೆ ನಿಮ್ಮ ಮಣ್ಣಿನ ಜಾತಕ ಸಿಕ್ಕಿತು. ಇನ್ನೊಂದು ಪರೀಕ್ಷೆಗೆ ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿ ಬಿಡಿ. ಮಾರನೆಯ ಬೆಳಿಗ್ಗೆಯೂ ನೀರು ಹಾಗೇ ನಿಂತಿದ್ದರೆ ಬೇರು ಕೊಳೆಯುತ್ತದೆ, ಮಣ್ಣನ್ನು ಇನ್ನೂ ಸಡಿಲ ಮಾಡಬೇಕು ಅಂತ ಅರ್ಥ.

ಮಿಯಾವಾಕಿ ಪದ್ಧತಿಯಲ್ಲಿ ಒಂದು ಮೀಟರ್ ಆಳದವರೆಗೆ ಮಣ್ಣು ಸಡಿಲ ಮಾಡುತ್ತಾರೆ. ಅದಕ್ಕೆ ಜೆಸಿಬಿ ಬೇಕು, ಮಕ್ಕಳು ಇಲ್ಲದ ದಿನ ಮಾಡಿಸಬೇಕು. ಆಗದಿದ್ದರೆ ಗುದ್ದಲಿ, ಪಿಕಾಸಿಯಲ್ಲಿ ಎರಡಡಿಯಾದರೂ ಕೆದಕಿ, ನಡೆಯುತ್ತದೆ. ಸಡಿಲ ಮಾಡಿದ ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ, ಗಾಳಿಯಾಡಲು ಹೊಟ್ಟು ಅಥವಾ ಕತ್ತರಿಸಿದ ಒಣಹುಲ್ಲು, ನೀರು ಹಿಡಿಯಲು ತೆಂಗಿನ ನಾರಿನ ಪುಡಿಯಂಥದ್ದು ಬೆರೆಸಿ. ರಾಸಾಯನಿಕ ಗೊಬ್ಬರ, ಕೀಟದ ಔಷಧಿ ಎರಡೂ ಬೇಡ. ಹಳೇ ಕಾಡಿನವರು ಒಪ್ಪಿದರೆ ಅಲ್ಲಿನ ಮರದ ಬುಡದಿಂದ ಒಂದೆರಡು ಬೊಗಸೆ ಮಣ್ಣು ತಂದು ಬೆರೆಸಿ, ಬೇರಿನ ಜೊತೆ ಬಾಳುವ ಶಿಲೀಂಧ್ರ ಅದರಲ್ಲಿರುತ್ತದೆ. ಒಂದೆರಡು ಬೊಗಸೆ ಅಂದರೆ ಅಷ್ಟೇ, ಕಾಡನ್ನು ಕೆರೆದು ಕಾಡು ಮಾಡುವುದು ಬೇಡ. ಒಮ್ಮೆ ಸಡಿಲ ಮಾಡಿದ ಮೇಲೆ ಅದರ ಮೇಲೆ ಯಾರೂ ಓಡಾಡಬಾರದು. ಹಲಗೆ ಹಾಕಿ ಅದರ ಮೇಲೆ ನಡೆಯಿರಿ.

ನೆಡುವ ದಿನ

ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ನೆಲ ನೆನೆದ ಮೇಲೆ ನೆಡಿ. ಚಳಿ ಜಾಸ್ತಿ ಇರುವ ದೇಶಗಳಲ್ಲಾದರೆ ಎಲೆ ಉದುರಿ ಗಿಡ ಮಲಗಿರುವ ಕಾಲ, ನೆಲ ಹೆಪ್ಪುಗಟ್ಟಿರಬಾರದು ಅಷ್ಟೇ. ಮಳೆಗಾಲದ ಶುರುವಿನಲ್ಲೇ ನೆಟ್ಟರೆ ದೊಡ್ಡ ರಜೆ ಬರುವ ಹೊತ್ತಿಗೆ ಬೇರು ಇಳಿದಿರುತ್ತದೆ. ಅತಿಥಿಗಳ ದಿನಾಂಕ ಸಿಗಲಿಲ್ಲ ಅಂತ ನೆಡುವುದನ್ನು ಎರಡು ತಿಂಗಳು ಮುಂದೆ ಹಾಕಬೇಡಿ. ಅತಿಥಿಗಳು ಬೇಕಾದರೆ ಗಿಡ ಚಿಗುರಿದ ಮೇಲೆ ಬರಲಿ. ಭಾಷಣ ಇಟ್ಟೇ ಇಡುತ್ತೇವೆ ಅನ್ನುವುದಾದರೆ ಕೊನೆಗೆ ಇಡಿ, ಬಿಸಿಲಲ್ಲಿ ಬೇರು ಅಷ್ಟು ಹೊತ್ತು ತಾಳುವುದಿಲ್ಲ.

ಗಿಡ ಎರಡಡಿ ಆಸುಪಾಸು ಇದ್ದರೆ ಸಾಕು. ದೊಡ್ಡ ಗಿಡ ತಂದರೆ ಮೊದಲ ದಿನ ಚೆಂದ ಕಾಣುತ್ತದೆ, ಚಿಕ್ಕದು ಬೇಗ ಬೇರೂರುತ್ತದೆ. ಕವರಿನ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿರುವ ಗಿಡ ತೆಗೆದುಕೊಳ್ಳಬೇಡಿ.

ಮಕ್ಕಳನ್ನು ಇಬ್ಬಿಬ್ಬರಾಗಿ ಮಾಡಿ, ಆರು ಮಕ್ಕಳಿಗೆ ಒಬ್ಬ ದೊಡ್ಡವರು. ಮೊದಲ ಕೆಲಸ ಗಿಡವನ್ನು ಕವರಿನ ಸಮೇತ ನೀರಿನ ಬಕೆಟ್ಟಿನಲ್ಲಿ ಮುಳುಗಿಸುವುದು. ಗುಳುಗುಳು ಅಂತ ಗುಳ್ಳೆ ಬರುತ್ತದೆ. ಮಕ್ಕಳೆಲ್ಲ ಬಕೆಟ್ಟಿಗೆ ಮುಖ ಇಟ್ಟು ನೋಡುತ್ತಾರೆ, ನೋಡಲಿ. ಗುಳ್ಳೆ ನಿಂತಿತು ಅಂದರೆ ಮಣ್ಣಿನ ಹೆಂಟೆ ಪೂರ್ತಿ ನೆನೆಯಿತು. ಆಮೇಲೆ ಕವರನ್ನು ಕೊಯ್ದು ತೆಗೆಯುವುದು ದೊಡ್ಡವರ ಕೆಲಸ. ತೆಗೆದ ಕವರನ್ನೆಲ್ಲ ಒಂದೇ ಬುಟ್ಟಿಗೆ ಹಾಕಿಸಿ, ಕೊನೆಯಲ್ಲಿ ಎಣಿಸಿ. ಗಿಡ ಮುನ್ನೂರು, ಕವರು ಇನ್ನೂರ ತೊಂಬತ್ತೇಳು ಬಂದರೆ ಮೂರು ಗಿಡ ಕವರಿನ ಸಮೇತ ಮಣ್ಣಿಗೆ ಹೋಗಿವೆ ಅಂತ. ನಮಗೆ ಹೀಗೆ ಆಗಿತ್ತು, ಹುಡುಕಿ ತೆಗೆದೆವು.

ಕಾಂಡ ಮಣ್ಣಿಗೆ ಸೇರುವ ಗುರುತು ನೆಲದ ಮಟ್ಟಕ್ಕೇ ಬರಬೇಕು, ಕೆಳಗೂ ಇಳಿಯಬಾರದು ಮೇಲೂ ಉಳಿಯಬಾರದು. ಸುತ್ತ ಮಣ್ಣು ತುಂಬಿ ಕೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು, ಕಾಲಿನಿಂದ ತುಳಿಯಬೇಡಿ. ಸಾಲು ಹಿಡಿದು ನೆಡಬೇಡಿ, ಒಂದೇ ಜಾತಿಯ ಎರಡು ಗಿಡ ಪಕ್ಕಪಕ್ಕ ಬೇಡ. ಒಂದೊಂದು ಗಿಡಕ್ಕೂ ಒಂದು ಕೋಲು ಊರಿ, ಸೆಣಬಿನ ದಾರದಲ್ಲಿ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ದಾರ ಕಾಂಡವನ್ನು ಕುಯ್ಯುತ್ತದೆ.

ಕೊನೆಗೆ ಹೊದಿಕೆ. ಒಣಹುಲ್ಲು, ಒಣ ಎಲೆ, ಏನು ಸಿಗುತ್ತದೋ ಅದನ್ನು ಗೇಣುದ್ದ ದಪ್ಪಕ್ಕೆ ನೆಲ ಕಾಣದ ಹಾಗೆ ಹರಡಿ. ಕಾಂಡದ ಸುತ್ತ ಎರಡು ಬೆರಳು ಜಾಗ ಬಿಡಿ. ಗಾಳಿಗೆ ಹಾರದ ಹಾಗೆ ಗೂಟ ಹೊಡೆದು ಹಗ್ಗ ಎಳೆಯಿರಿ. ಪುಟ್ಟ ಮಕ್ಕಳಿಗೆ ಗುದ್ದಲಿ ಬೇಡ, ಈ ಹುಲ್ಲು ಹೊರುವ ಕೆಲಸ ಕೊಡಿ, ಅವರಿಗೆ ಅದೇ ಹಬ್ಬ. ರಜೆಯಲ್ಲಿ ಯಾರೂ ಇಲ್ಲದಾಗ ನೆಲದ ತೇವ ಕಾಯುವುದು ಈ ಹೊದಿಕೆಯೇ.

ಪೊರಕೆ, ಹಾವು, ಮತ್ತು ಸಾಯುವ ಗಿಡಗಳು

ಹಾಕಿದ ಮೂರನೇ ವಾರ ನಮ್ಮ ಹೊದಿಕೆ ಮಾಯ. ಶಾಲೆ ಚೊಕ್ಕಟ ಇರಬೇಕು ಅಂತ ಆಯಾಗೆ ಯಾರೋ ಹೇಳಿದ್ದರು, ಅವರು ಪಾಪ ಬೆಳಿಗ್ಗೆ ಬೇಗ ಬಂದು ಪೂರ್ತಿ ಗುಡಿಸಿ ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ತಪ್ಪು ನನ್ನದೇ, ಮೊದಲ ಸಭೆಗೆ ಅವರನ್ನು ಕರೆದೇ ಇರಲಿಲ್ಲ. ಎರಡನೇ ಸಲ ಹುಲ್ಲು ಹರಡಿದ್ದು ಅವರ ಜೊತೆಗೇ. ಆಮೇಲೆ ಮೈದಾನದಲ್ಲಿ ಗುಡಿಸಿದ ಎಲೆಯನ್ನೆಲ್ಲ ಅವರೇ ತಂದು ಕಾಡಿಗೆ ಹಾಕತೊಡಗಿದರು. ಒಂದು ದಿನ ಮಕ್ಕಳನ್ನು ಕರೆದು ಕೋಲಿನಿಂದ ಹುಲ್ಲು ಎತ್ತಿ ತೋರಿಸಿದರು. ಕೆಳಗೆ ಬಿಳೀ ನೂಲಿನ ಬಲೆ ಹಬ್ಬಿತ್ತು, ಶಿಲೀಂಧ್ರ. ಮೂಸಿದರೆ ಮೊದಲ ಮಳೆಯ ವಾಸನೆ.

ಕೋಲು ಅಂದೆನಲ್ಲ, ಅದು ನಿಯಮ. ಹೊದಿಕೆಗೆ, ಪೊದೆಗೆ ಬರಿಗೈ ಹಾಕಬಾರದು. ಒಳಗೆ ಹೋಗುವಾಗ ಚಪ್ಪಲಿ ಅಲ್ಲ, ಶೂ. "ಹಾವು ಬಂದರೆ?" ಅಂತ ಪೋಷಕರು ಖಂಡಿತ ಕೇಳುತ್ತಾರೆ. ಬರುವುದೇ ಇಲ್ಲ ಅಂತ ಸುಳ್ಳು ಹೇಳಬೇಡಿ. ಬರಬಹುದು, ಅದಕ್ಕೇ ದಾರಿಯನ್ನು ಯಾವಾಗಲೂ ತೆರವಾಗಿ ಇಡುತ್ತೇವೆ, ಕಾಡಿನ ಸುತ್ತ ಒಂದು ಮೀಟರ್ ಹುಲ್ಲು ಕತ್ತರಿಸಿರುತ್ತೇವೆ, ಊಟದ ಚೂರು ಅಲ್ಲಿ ಬಿಸಾಕಲು ಬಿಡುವುದಿಲ್ಲ, ಇಲಿ ಬರದಿದ್ದರೆ ಹಾವಿಗೂ ಅಲ್ಲಿ ಕೆಲಸ ಕಡಿಮೆ, ದೊಡ್ಡವರಿಲ್ಲದೆ ಮಕ್ಕಳು ಒಳಗೆ ಹೋಗುವುದಿಲ್ಲ ಅಂತ ಹೇಳಿ. ಹುಳ ಕಚ್ಚಿದರೆ ಅಲರ್ಜಿಯಾಗುವ ಮಕ್ಕಳ ಪಟ್ಟಿ ಇಟ್ಟುಕೊಳ್ಳಿ.

ಮಣ್ಣು ಕೊಳಕು ಅನ್ನುವವರಿಗೆ ಹೇಳಲು ಒಂದು ಒಳ್ಳೆಯ ಸಂಗತಿಯಿದೆ. ಫಿನ್ಲೆಂಡಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಶುವಿಹಾರಗಳ ಬೋಳು ಅಂಗಳಕ್ಕೆ ಕಾಡಿನ ನೆಲದ ಹೊದಿಕೆ, ಹುಲ್ಲು, ಗಿಡ ತಂದು ಹಾಸಿ ಮೂರರಿಂದ ಐದು ವರ್ಷದ ಮಕ್ಕಳನ್ನು ದಿನಾ ಅಲ್ಲಿ ಆಡಲು ಬಿಟ್ಟರು. 28 ದಿನದಲ್ಲೇ ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ಬಗೆ ಹೆಚ್ಚಾಯಿತು, ರೋಗನಿರೋಧಕ ವ್ಯವಸ್ಥೆಯ ಹತೋಟಿಗೆ ಸಂಬಂಧಿಸಿದ ರಕ್ತದ ಗುರುತುಗಳೂ ಒಳ್ಳೆಯ ಕಡೆಗೆ ತಿರುಗಿದವು. ಕೈ ತೊಳೆಯುವುದು ಬೇಡ ಅಂತಲ್ಲ. ಆಡಿ ಬಂದು ತೊಳೆಯಲಿ.

ಮೊದಲ ಎರಡು ವರ್ಷ ಕಳೆ ಕೀಳಬೇಕು, ಕಿತ್ತಿದ್ದನ್ನು ಅಲ್ಲೇ ಹೊದಿಕೆಯ ಮೇಲೆ ಹಾಕಿ. ನೀರು ಕೊಡಬೇಕಾ ಅಂತ ಗೊತ್ತಾಗಲು ಹುಲ್ಲನ್ನು ಕೋಲಿನಿಂದ ಸರಿಸಿ ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ, ತಂಪಾಗಿ ಅಂಟಿದರೆ ಇವತ್ತು ಬೇಡ. ಕೊಂಬೆ ಕತ್ತರಿಸುವುದು, ಆಕಾರ ಕೊಡುವುದು ಏನೂ ಬೇಡ, ದಾರಿಗೆ ಅಡ್ಡ ಬಂದದ್ದನ್ನು ಬಿಟ್ಟು.

ಕೆಲವು ಗಿಡ ಸಾಯುತ್ತವೆ. ಇಷ್ಟು ಒತ್ತಾಗಿ ನೆಟ್ಟ ಮೇಲೆ ಬೆಳಕಿಗಾಗಿ ಪೈಪೋಟಿ ಇರುವುದೇ, ಹಿಂದೆ ಬಿದ್ದವು ಹೋಗುತ್ತವೆ. ಇದಕ್ಕಾಗಿಯೇ ಒಂದು ಗಿಡಕ್ಕೆ ಒಂದು ಮಗುವಿನ ಹೆಸರಿನ ಬೋರ್ಡು ಹಾಕುವುದು ನನಗೆ ಇಷ್ಟವಿಲ್ಲ. ಗಿಡ ಸತ್ತಾಗ ಆ ಮಗುವಿನ ಮುಖ ನೋಡಲಾಗುವುದಿಲ್ಲ. ನಾಲ್ಕೈದು ಮಕ್ಕಳ ಗುಂಪಿಗೆ ಒಂದೊಂದು ತುಂಡು ನೆಲ ಕೊಡಿ, ಅದರಲ್ಲಿ ಯಾವುದಾದರೂ ಚೆನ್ನಾಗಿ ಬೆಳೆದೇ ಬೆಳೆಯುತ್ತದೆ. ಒಣಗಿದ ಗಿಡವನ್ನು ಕೀಳುವ ಮೊದಲು ಉಗುರಿನ ಪರೀಕ್ಷೆ ಮಾಡಿಸಿ. ಹಸಿರಿಲ್ಲ ಅಂದರೂ ಕಿತ್ತು ಬಿಸಾಕಬೇಡಿ, ಅಲ್ಲೇ ಮಲಗಿಸಿ. ಒಣಕಾಂಡದಲ್ಲಿ ದುಂಬಿ ಮರಿ ಮಾಡುತ್ತದೆ.

ಮಕ್ಕಳು ಅಲ್ಲಿ ಏನು ಮಾಡುತ್ತಾರೆ

ಕಾಡು ನೆಟ್ಟು ಬೇಲಿ ಹಾಕಿ "ಒಳಗೆ ಹೋಗಬಾರದು" ಅಂತ ಬೋರ್ಡು ಹಾಕಿದ ಶಾಲೆಗಳಿವೆ. ಹಾಗಾದರೆ ಇಷ್ಟೆಲ್ಲ ಯಾಕೆ ಮಾಡಿದ್ದು?

ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬಿ ತೆಗೆದುಕೊಳ್ಳಿ. ಮೈದಾನದ ಮಣ್ಣಿಗೆ ಮೂರು ಬೆರಳು ಆಳಕ್ಕೆ ಒತ್ತಿ ಅರ್ಧ ಲೀಟರ್ ನೀರು ಹಾಕಿ ಸಮಯ ನೋಡಿ. ಹಾಗೇ ಕಾಡಿನೊಳಗೂ ಮಾಡಿ. ಮೈದಾನದಲ್ಲಿ ಮಕ್ಕಳಿಗೆ ಬೇಜಾರಾಗುವವರೆಗೂ ನೀರು ನಿಂತಿರುತ್ತದೆ, ಕಾಡಿನಲ್ಲಿ ಗಡಿಯಾರ ನೋಡುವಷ್ಟರಲ್ಲಿ ಇಂಗಿರುತ್ತದೆ. ಪ್ರತಿ ವರ್ಷ ಅದೇ ತಿಂಗಳು ಅದನ್ನೇ ಮಾಡಿ. ಮಧ್ಯಾಹ್ನ ಹೊರಗಿನ ಸೆಕೆ, ಒಳಗಿನ ಸೆಕೆ ಎರಡನ್ನೂ ಥರ್ಮಾಮೀಟರಿನಲ್ಲಿ ನೋಡಿ ಬರೆಯಲಿ. ಕಾಂಡದ ಸುತ್ತಳತೆಯನ್ನು ದಾರದಲ್ಲಿ ಅಳೆದು ಗೋಡೆಗೆ ದಾರವನ್ನೇ ಅಂಟಿಸಲಿ, ಗ್ರಾಫ್ ತಾನಾಗೇ ಆಗುತ್ತದೆ. ಪೊದೆಯ ಕೆಳಗೆ ಬಿಳೀ ಬಟ್ಟೆ ಹಾಸಿ ಕೊಂಬೆಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಉದುರುವ ಹುಳಗಳನ್ನು ಎಣಿಸಿ, ಚಿತ್ರ ಬರೆದು, ವಾಪಸ್ ಬಿಡಲಿ. ಇಂಗ್ಲೆಂಡಿನ ಕಿರುಕಾಡುಗಳಲ್ಲೂ ಹೀಗೆ ಜನರೇ ಚಿಟ್ಟೆ, ನೀರಿನ ಇಂಗುವಿಕೆ, ತಂಪು ಇವನ್ನೆಲ್ಲ ಅಳೆದು ಬರೆದಿಡುತ್ತಾರೆ.

ಏನೂ ಅಳೆಯದೆ ಸುಮ್ನೆ ಕೂರುವ ದಿನಗಳೂ ಇರಲಿ. ಗಲಾಟೆ ಜಾಸ್ತಿ ಆದಾಗ ಒಬ್ಬಳು ಹುಡುಗಿ ಹೋಗಿ ಆ ದಿಮ್ಮಿಯ ಮೇಲೆ ಕೂರುತ್ತಿದ್ದಳು, ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಕಿಟಕಿಯಿಂದ ಕಾಣುವ ಜಾಗ ಆರಿಸಿದ್ದು ಇಲ್ಲೂ ಕೆಲಸಕ್ಕೆ ಬಂತು, ಒಂದು ಕಣ್ಣು ಇಟ್ಟಿರಬಹುದಿತ್ತು.

ಮೂರನೇ ವರ್ಷ ನೀರನ್ನು ಒಮ್ಮೆಗೇ ನಿಲ್ಲಿಸಬೇಡಿ. ದಿನ ಬಿಟ್ಟು ದಿನ ಇದ್ದದ್ದು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಆ ವರ್ಷದ ದೊಡ್ಡ ರಜೆಗೂ ಹೆಸರಿನ ಪಟ್ಟಿ ಇರಲೇಬೇಕು. ಅಷ್ಟು ಹೊತ್ತಿಗೆ ನೆಟ್ಟ ಮಕ್ಕಳಲ್ಲಿ ದೊಡ್ಡವರು ಶಾಲೆ ಬಿಟ್ಟಿರುತ್ತಾರೆ, ಹಾಗಾಗಿ ಅಳತೆಯ ನೋಟ್‌ಬುಕ್ಕನ್ನು ಪ್ರತಿ ವರ್ಷ ಕೆಳಗಿನ ಕ್ಲಾಸಿನವರ ಕೈಗೆ ಕೊಡಿಸಿ. ಅದರ ಮೊದಲ ಪುಟದಲ್ಲಿ ಗಿಡಗಳ ಹೆಸರಿಗಿಂತ ಮೊದಲು, ದಪ್ಪ ಅಕ್ಷರದಲ್ಲಿ, ನಲ್ಲಿಯ ಬೀಗದ ಕೈ ಈ ರಜೆ ಯಾರ ಹತ್ತಿರ ಇದೆ ಅಂತ ಬರೆದಿರಲಿ.